ಬಾಲ್ ಸರೀನೇ ಇತ್ತು

ವಾಡಿ ಜಂಕ್ಷನ್ನಿನಾಗ ಇಳದು ಚಾ ಕುಡದು
ಮತ್ತ ಗಾಡಿ ಹತ್ತೋ ಮಂದಿಗೆ ಗೊತ್ತಿರಲ್ಲ,
ಸಿಮೆಂಟ್ ಕಾರ್ಖಾನಿ ಗೋಡಿ ಹಿಂದ ಒಂದು ಗ್ರೌಂಡ್ ಅದ.
ಹುಲ್ಲಿಲ್ಲ. ಬೂದಿ ಬಣ್ಣದ ಧೂಳ.
ಬಾಲ್ ಎಲ್ಲಿಂದ ಎಲ್ಲಿಗಿ ಹೋತು ಅಂತ
ಸಂಜಿಮಟ ಗೆರಿ ಕಾಣತಿತ್ತು.
ಎಲೀಷನ ಗೆರಿ ಎಲ್ಲಾ ನನ್ನ ಕಡಿಗೇ ಬರತಿದ್ವು.

ಗೋಲ್ ಹೊಡದಾಂವ ನಾನು.
ಹೆಗಲ ಮ್ಯಾಲ ಕುಂತು ಕಾಲೋನಿ ಸುತ್ತಿದಾಂವ ನಾನು,
ಕ್ಯಾಂಟೀನಿನಾಗ ಪುಕ್ಕಟೆ ಭಜಿ ತಿಂದಾಂವ ನಾನು.
ಅಂವ ನಡುವ ನಿಂತು ಸಾಕ್ಸ್ ಮ್ಯಾಲಕ ಎಳಕೋತಿದ್ದ.

ಹದಿನೆಂಟಕ್ಕ ಇಬ್ಬರೂ ಸೊಲ್ಲಾಪುರಕ್ಕ ಟ್ರಯಲ್ಸಿಗೆ ಹೋದ್ವಿ.
ಸೆಲೆಕ್ಟರ್ ನನ್ನ ಎರಡು ಗೋಲ್ ನೋಡಿದ,
ಆಮ್ಯಾಲ ಅವು ಎಲ್ಲಿಂದ ಬಂದ್ವು ಅಂತ ನೋಡಿದ.
ವಾಪಸ್ ಬರೋ ಪ್ಯಾಸೆಂಜರಿನಾಗ
ಕಿಟಕಿ ಸೀಟಿಗೆ ಜಗಳಾಡಲಿಕ್ಕೆ ಯಾರೂ ಇದ್ದಿದ್ದಿಲ್ಲ.

ಸೊಲ್ಲಾಪುರ ಎರಡು ವರ್ಷ. ಸಿಕಂದರಾಬಾದ್ ಮೂರು.
ಕೋಲ್ಕತ್ತಾದಾಗ ಮಳಿಗಾಲದ ಕೆಸರು
ಅವನ ಪಾಸ್ ಎಲ್ಲಾ ನುಂಗತಿತ್ತಂತ;
ಒಣ ನೆಲದಾಗ ಕಲ್ತ ಕಾಲು,
ಬಾಲ್ ಎತ್ತಿ ಆಡೋದು ಕಲಿಲಿಕ್ಕೇ ಒಂದು ಸೀಸನ್ ಹೋತು.
ಅಲ್ಲಿನ ಪೇಪರಿನಾಗ ಒಮ್ಮಿ ಹೆಸರು ಬಂತು, ಎಲೀಯ ಅಂತ.
ಅವರವ್ವ ಸುವಾರ್ತಮ್ಮ ಕತ್ತರಿಸಿ ಬೈಬಲ್ಲಿನಾಗ ಇಟ್ಟಳು:
"ಎಲೀಯನ ಕಂಬಳಿ ಎಲೀಷಗೇ ಸಿಕ್ಕದಲ್ಲ, ಇರ್ಲಿ ಬಿಡು."

ಗೋವಾದ ಕ್ಲಬ್ಬು ಮುಚ್ಚಿದಾಗ ಮೂರು ತಿಂಗಳ ಪಗಾರ ಬಾಕಿ.
ಪಗಾರದ ಬದಲಿ ಹನ್ನೆರಡು ಬಾಲ್ ಕೊಟ್ಟು ಕಳಿಸಿದ್ರು.
ಗಾಳಿ ತಗದು, ರೊಟ್ಟಿ ಹಂಗ ಮಡಚಿ,
ಟ್ರಂಕಿನಾಗ ಹಾಕ್ಕೊಂಡು ಬಂದ.
ಒಂದು ಇನ್ನಾ ಅದ.

ಆಮ್ಯಾಲ ಮಲಪ್ಪುರಂ, ಆಮ್ಯಾಲ ಯಾವುದೋ ಬ್ಯಾಂಕಿನ ಟೀಮು.
ಬೆನ್ನಿನ ನಂಬರ್ ಎಂಟು, ಹದಿನಾಲ್ಕು, ಮೂವತ್ತೊಂದು;
ನಂಬರ್ ದೊಡ್ಡದಾದಂಗ ಆಡೋ ನಿಮಿಷ ಸಣ್ಣಾದ್ವು.

ಕ್ರಿಸ್ಮಸ್ಸಿಗೆ ಬಂದಾಗ
ತಾಟಿನಾಗ ಹನ್ನೊಂದು ಕರ್ಚಿಕಾಯಿ ಜೋಡಿಸಿ
ತಾ ಎಲ್ಲಿ ನಿಂದರತೀನಿ ಅಂತ ತೋರಸತಿದ್ದ,
ಮುಂದಿಂದು, ನನ್ನ ಜಾಗದ್ದು, ಮೊದಲು ತಿಂತಿದ್ದ.

ಐತವಾರ ಚರ್ಚಿನಿಂದ ಬಂದು ಅವ್ವ ಫೋನ್ ಹಚ್ಚತಿದ್ದಳು.
"ಹೊಡದ್ಯೇನಪ್ಪ?"
"ಇಲ್ಲವ್ವ. ಹೊಡಸಿದೆ."
"ಹೊಡಸಿದ್ದು ಲೆಕ್ಕಕ್ಕ ಹಿಡಿತಾರೇನು?"
ಹದಿನೆಂಟು ವರ್ಷಕ್ಕ ಏಳು ಗೋಲು.
ಅದರಾಗ ಒಂದು ನಮ್ಮ ಗೋಲಿಗೇ ಹೋತು ಅಂತ
ತಾನೇ ಹೇಳಿ ನಗತಿದ್ದ.

ನಾ ಏನು ಮಾಡಿದೆ?
ಪ್ಯಾಕಿಂಗಿನಾಗ ಚೀಲ ಎಣಿಸಿದೆ.
ಎಣಿಸಿ ಎಣಿಸಿ ಬ್ಯಾಸರಾದಾಗ ಹೊಸ ಹುಡುಗರಿಗೆ
ನಾ ಹೊಡದ ಗೋಲಿನ ಕಥಿ ಹೇಳಿದೆ.
ಹೇಳತ ಹೇಳತ ಅದರಾಗಿಂದ ಎಲೀಷ
ಯಾವಾಗ ಜಾರಿ ಬಿದ್ದ, ನನಗೇ ಗೊತ್ತಾಗ್ಲಿಲ್ಲ.

ಈಗ ಬಂದಾನ. ಬಲ ಮೊಣಕಾಲಿಗೆ ಉದ್ದನ ಹೊಲಿಗಿ.
ಮೂವತ್ತೇಳು ಮಂದಿಗೆ ವಯಸ್ಸೇ ಅಲ್ಲ,
ಆ ಕಾಲಿಗೆ ಮುಪ್ಪು.
ನಿನ್ನಿ ಸಂಜಿಕ ಹಳಬರು, ಹುಡುಗರು ಮ್ಯಾಚ್ ಇಟ್ಟಿದ್ವಿ.
ಹೊಟ್ಟಿ ಹೊತಗೊಂಡು ನಾ ಮುಂದ ನಿಂತೆ.

ಅಂವ ನನ್ನ ಕಡಿ ನೋಡಲಿಲ್ಲ. ಯಾವತ್ತೂ ನೋಡತಿದ್ದಿಲ್ಲ.
ಇಬ್ಬರು ಹುಡುಗರ ನಡುವ ತೂರಿಸಿ ಬಿಟ್ಟ.
ಬಾಲ್ ನನ್ನ ಹತ್ತರ ಬರಲಿಲ್ಲ,
ಹತ್ತು ಮಾರು ಮುಂದ, ಯಾರೂ ಇಲ್ಲದ ಜಾಗಕ್ಕ ಹೋತು,
ಇಪ್ಪತ್ತು ವರ್ಷದ ಹಿಂದ
ನಾ ಓಡಿ ಮುಟ್ಟತಿದ್ದ ಜಾಗಕ್ಕ,
ಮುಟ್ಟತಿದ್ದ ಹೊತ್ತಿಗೇ.

"ಅಂಕಲ್, ಪಾಸ್ ತಪ್ಪತು!" ಹುಡುಗರು ನಕ್ಕರು.
ಎಲೀಷ ಏನೂ ಅನ್ಲಿಲ್ಲ.
ಬಗ್ಗಿ ಸಾಕ್ಸ್ ಎಳಕೊಂಡ.

"ತಪ್ಪಿಲ್ಲೋ," ಅಂದೆ, "ಬಾಲ್ ಸರೀನೇ ಇತ್ತು,"
ಜೋರಾಗಿ ಅಂದೆ, ಎಲ್ಲಾರಿಗೂ ಕೇಳಂಗ,
ಗೋಡಿಮಟ ನಡಕೋತ ಹೋಗಿ ಎತ್ಕೊಂಡೆ.
ಧೂಳಿನಾಗ ಗೆರಿ ಇನ್ನಾ ಇತ್ತು.
ಅದರ ಮ್ಯಾಲ ಕಾಲಿಡಲಾರದೆ
ಬಾಜೂಕಿಂದ ವಾಪಸ್ ಬಂದೆ.